ಕಪ್ಪುಕುಳಿಯ ಕೊನೆಯ ಕ್ಷಣಕ್ಕಾಗಿ ಅರ್ಧ ಶತಮಾನದ ಹುಡುಕಾಟ

1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಅಮೆರಿಕ, ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ನೆಲದಡಿಯಲ್ಲಿ ಬಿಟ್ಟು ಬೇರೆಲ್ಲೂ, ಅಂದರೆ ಗಾಳಿಯಲ್ಲಾಗಲಿ ನೀರಿನಲ್ಲಾಗಲಿ ಬಾಹ್ಯಾಕಾಶದಲ್ಲಾಗಲಿ, ಅಣ್ವಸ್ತ್ರ ಪರೀಕ್ಷೆ ನಡೆಸಬಾರದು ಎಂಬುದು ಅದರ ಸಾರ. ಸಹಿಯೇನೋ ಬಿತ್ತು, ಆದರೆ ಎದುರಾಳಿಯನ್ನು ನಂಬುವುದು ಹೇಗೆ? ಚಂದ್ರನ ಆಚೆ ಬದಿಯಲ್ಲಿ ಗುಟ್ಟಾಗಿ ಬಾಂಬ್ ಸಿಡಿಸಿದರೆ ಭೂಮಿಯ ಮೇಲಿದ್ದವರಿಗೆ ಗೊತ್ತಾಗುವುದಾದರೂ ಹೇಗೆ? ಈ ಅನುಮಾನಕ್ಕೆ ಅಮೆರಿಕ ಕಂಡುಕೊಂಡ ಉತ್ತರ ವೇಲಾ ಉಪಗ್ರಹಗಳು. ಅದೇ ವರ್ಷದ ಅಕ್ಟೋಬರ್ 17ರಂದು ಮೊದಲ ಜೋಡಿ ಮೇಲೇರಿತು. ಭೂಮಿಯಿಂದ ಒಂದು ಲಕ್ಷ ಕಿಲೋಮೀಟರಿಗೂ ಎತ್ತರದಲ್ಲಿ ಸುತ್ತುತ್ತ, ಬಾಂಬ್ ಸಿಡಿದರೆ ಹೊಮ್ಮುವ ಎಕ್ಸ್ ಕಿರಣ, ಗಾಮಾ ಕಿರಣ ಮತ್ತು ನ್ಯೂಟ್ರಾನುಗಳಿಗಾಗಿ ಕಾಯುವುದು ಅವುಗಳ ಕೆಲಸ.

ಬಾಂಬ್ ಹುಡುಕಲು ಹೋದ ಈ ಕಾವಲುಗಾರರಿಂದಲೇ ಖಗೋಳ ವಿಜ್ಞಾನದ ಒಂದು ದೊಡ್ಡ ಅಧ್ಯಾಯ ತೆರೆದುಕೊಂಡಿತು. ಅದೇ ಅಧ್ಯಾಯದೊಳಗೆ ಇನ್ನೊಂದು ಕಥೆಯಿದೆ. ವಿಶ್ವ ಹುಟ್ಟಿದ ಮೊದಲ ಕ್ಷಣದಲ್ಲೇ ಹುಟ್ಟಿರಬಹುದಾದ, ಪರಮಾಣುವಿಗಿಂತಲೂ ಚಿಕ್ಕದಾದ ಕಪ್ಪುಕುಳಿಗಳು ಆವಿಯಾಗಿ ಸಿಡಿಯುವ ಗಳಿಗೆಯನ್ನು ಹಿಡಿಯಹೊರಟವರ ಕಥೆ ಅದು. ಐವತ್ತು ವರ್ಷ ಕಳೆದರೂ ಅಂಥ ಒಂದು ಸಿಡಿತವೂ ಖಚಿತವಾಗಿ ಸಿಕ್ಕಿಲ್ಲ. ಹಾಗಿದ್ದೂ ಈ ಹುಡುಕಾಟ ವ್ಯರ್ಥವಾಯಿತು ಎಂದು ಅದನ್ನು ಬಲ್ಲವರು ಯಾರೂ ಹೇಳುವುದಿಲ್ಲ.

ಮುದ್ರಿತ ಹಾಳೆಗಳಲ್ಲಿ ಸಿಕ್ಕ ಮಿಂಚು

ವೇಲಾ ಕಳಿಸುತ್ತಿದ್ದ ದಾಖಲೆಗಳನ್ನು ನ್ಯೂ ಮೆಕ್ಸಿಕೊದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಪರಿಶೀಲಿಸುತ್ತಿದ್ದರು. ಬಾಂಬ್ ಅಲ್ಲ ಎಂದು ಖಚಿತವಾದ ಸಂಕೇತಗಳನ್ನೂ ಎಸೆಯದೆ ಎತ್ತಿಡುವುದು ಅಲ್ಲಿನ ರೇ ಕ್ಲೆಬೆಸಡೆಲ್ ಅವರ ಪದ್ಧತಿ. 1969ರಲ್ಲಿ ಅವರೂ ರಾಯ್ ಓಲ್ಸನ್ ಅವರೂ ಹಳೆಯ ಹಾಳೆಗಳನ್ನು ಮುಂದಿಟ್ಟುಕೊಂಡು, ಒಂದು ಉಪಗ್ರಹದ ದಾಖಲೆಯನ್ನು ಇನ್ನೊಂದರ ಜೊತೆ ಕಣ್ಣಳತೆಯಲ್ಲೇ ತಾಳೆ ನೋಡುತ್ತ ಕುಳಿತರು. 1967ರ ಜುಲೈ 2ರ ದಾಖಲೆಯಲ್ಲಿ ಇಬ್ಬರೂ ತಡೆದು ನಿಂತರು. ಗಾಮಾ ಕಿರಣಗಳ ಎಣಿಕೆ ಥಟ್ಟನೆ ಏರಿ ಇಳಿದಿತ್ತು. ಅದರ ಬೆನ್ನಿಗೇ ನಿಧಾನವಾದ ಇನ್ನೊಂದು ಏರಿಕೆ. ಬೇರೆ ಬೇರೆ ಉಪಗ್ರಹಗಳಲ್ಲೂ ಅದೇ ಆಕಾರ. ಅಣುಬಾಂಬಿನ ಮಿಂಚು ಹೀಗಿರುವುದಿಲ್ಲ. ಅಂದು ಸೂರ್ಯನ ಮೇಲೆ ಅದಕ್ಕೆ ಕಾರಣವಾಗಬಲ್ಲ ಸ್ಫೋಟವೂ ಆಗಿರಲಿಲ್ಲ.

ಮುಂದಿನ ವೇಲಾ ಉಪಗ್ರಹಗಳ ಗಡಿಯಾರಗಳು ಹೆಚ್ಚು ನಿಖರವಾಗಿದ್ದವು. ಒಂದೇ ಮಿಂಚು ಒಂದು ಉಪಗ್ರಹವನ್ನು ಮುಟ್ಟಿದ ಹೊತ್ತಿಗೂ ಇನ್ನೊಂದನ್ನು ಮುಟ್ಟಿದ ಹೊತ್ತಿಗೂ ಇರುವ ಸೂಕ್ಷ್ಮ ಅಂತರದಿಂದ ಅದು ಬಂದ ದಿಕ್ಕನ್ನು ಲೆಕ್ಕ ಹಾಕುವುದು ಸಾಧ್ಯವಾಯಿತು. ಆ ದಿಕ್ಕು ಭೂಮಿಯದೂ ಆಗಿರಲಿಲ್ಲ, ಸೂರ್ಯನದೂ ಆಗಿರಲಿಲ್ಲ. 1973ರ ಜೂನ್‌ನಲ್ಲಿ ಕ್ಲೆಬೆಸಡೆಲ್, ಇಯಾನ್ ಸ್ಟ್ರಾಂಗ್ ಮತ್ತು ಓಲ್ಸನ್ ಅಂಥ 16 ಮಿಂಚುಗಳ ವಿವರ ಪ್ರಕಟಿಸಿದರು. ಗಾಮಾ ಕಿರಣ ಸ್ಫೋಟಗಳ ಸುದ್ದಿ ಜಗತ್ತಿಗೆ ತಿಳಿದದ್ದು ಆಗ. ಅವು ಎಲ್ಲಿಂದ ಬರುತ್ತವೆ, ಏನು ಸಿಡಿಯುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಎರಡು ದಶಕಗಳಲ್ಲಿ ನೂರಕ್ಕೂ ಹೆಚ್ಚು ಸಿದ್ಧಾಂತಗಳು ಹುಟ್ಟಿಕೊಂಡವು.

ಅವುಗಳಲ್ಲಿ ಒಂದಕ್ಕೆ ಬೀಜವಾದ ಲೆಕ್ಕ, ಸುದ್ದಿ ಹೊರಬಿದ್ದ ಒಂಬತ್ತೇ ತಿಂಗಳಲ್ಲಿ ಕೇಂಬ್ರಿಜ್‌ನಿಂದ ಬಂತು.

ಮಾಸ್ಕೋದಿಂದ ಆಕ್ಸ್‌ಫರ್ಡ್‌ಗೆ

ಮಹಾಸ್ಫೋಟದ ಆರಂಭದಲ್ಲಿ ವಿಶ್ವದ ವಸ್ತು ಎಲ್ಲೆಡೆ ಒಂದೇ ಸಮನಾಗಿ ಹರಡಿರಲಿಲ್ಲ, ಅಲ್ಲಲ್ಲಿ ತುಸು ಹೆಚ್ಚು ಒತ್ತಾಗಿತ್ತು ಎಂದುಕೊಳ್ಳೋಣ. ಹಾಗೆ ಒತ್ತಾದ ಭಾಗ ತನ್ನ ಗುರುತ್ವಕ್ಕೆ ತಾನೇ ಕುಸಿದು ಕಪ್ಪುಕುಳಿಯಾಗಬಹುದಲ್ಲವೇ? ನಕ್ಷತ್ರ ಸತ್ತು ಹುಟ್ಟುವ ಕಪ್ಪುಕುಳಿಗೆ ಸೂರ್ಯನಿಗಿಂತ ಹೆಚ್ಚು ವಸ್ತು ಬೇಕು. ಆದಿಯಲ್ಲಿ ಹುಟ್ಟಿದ್ದಕ್ಕೆ ಆ ಕಟ್ಟುಪಾಡಿಲ್ಲ. 1960ರ ದಶಕದ ನಡುವಿನಲ್ಲಿ ಈ ಸಾಧ್ಯತೆಯನ್ನು ಎತ್ತಿದವರು ಮಾಸ್ಕೋದ ಯಾಕೊವ್ ಜೆಲ್ದೊವಿಚ್ ಮತ್ತು ಇಗೊರ್ ನೊವಿಕೊವ್. ಜೆಲ್ದೊವಿಚ್ ಸೋವಿಯತ್ ಅಣುಬಾಂಬ್ ರೂಪಿಸಿದವರಲ್ಲಿ ಪ್ರಮುಖರು. ವೇಲಾ ಕಾವಲು ಕಾಯುತ್ತಿದ್ದುದು ಅವರಂಥವರ ಕೈಕೆಲಸಕ್ಕೇ. ಬಾಂಬಿನ ಒಳಗೆ ವಸ್ತು ಹೇಗೆ ಕುಸಿಯುತ್ತದೆ, ಹೇಗೆ ಸಿಡಿಯುತ್ತದೆ ಎಂದು ವರ್ಷಗಟ್ಟಲೆ ಲೆಕ್ಕ ಹಾಕಿದ್ದ ಆ ಮನಸ್ಸು ಈಗ ವಿಶ್ವದ ಆದಿಗೆ ತಿರುಗಿತ್ತು.

1971ರಲ್ಲಿ ಕೇಂಬ್ರಿಜ್‌ನ ಸ್ಟೀಫನ್ ಹಾಕಿಂಗ್ ಇದೇ ವಿಚಾರವನ್ನು ಸ್ವತಂತ್ರವಾಗಿ ಮುಂದಿಟ್ಟರು. ಜೆಲ್ದೊವಿಚ್ ಮತ್ತು ನೊವಿಕೊವ್ ಅವರಿಗೆ ಒಂದು ಅಳುಕಿತ್ತು: ಹಾಗೆ ಹುಟ್ಟಿದ ಕುಳಿಗಳು ಸುತ್ತಲಿನ ವಿಕಿರಣವನ್ನು ನುಂಗುತ್ತ ದೈತ್ಯವಾಗಿ ಬೆಳೆದುಬಿಡಬೇಕಲ್ಲ, ಹಾಗಾದರೆ ಅವು ಇಂದು ಕಣ್ಣಿಗೆ ಬೀಳಬೇಕಿತ್ತಲ್ಲ ಎಂದು. ಹಾಕಿಂಗ್ ಮತ್ತು ಅವರ ವಿದ್ಯಾರ್ಥಿ ಬರ್ನಾರ್ಡ್ ಕಾರ್ 1974ರಲ್ಲಿ ಲೆಕ್ಕ ಹಾಕಿ, ಅವು ಹಾಗೆ ಬೆಳೆಯುವುದಿಲ್ಲ ಎಂದು ತೋರಿಸಿದರು. ಚಿಕ್ಕದಾಗಿ ಹುಟ್ಟಿದ್ದು ಚಿಕ್ಕದಾಗಿಯೇ ಉಳಿಯುತ್ತದೆ. ಹಾಗಾದರೆ ಅಷ್ಟು ಚಿಕ್ಕ ಕಪ್ಪುಕುಳಿ ಹೇಗೆ ವರ್ತಿಸುತ್ತದೆ ಎಂಬ ಪ್ರಶ್ನೆ ಎದ್ದಿತು. ಪ್ರೋಟಾನಿನಷ್ಟು ಚಿಕ್ಕ ವಸ್ತುವಿನ ವಿಚಾರದಲ್ಲಿ ಕ್ವಾಂಟಮ್ ನಿಯಮಗಳನ್ನು ಬದಿಗಿಡಲು ಬರುವುದಿಲ್ಲ.

1973ರ ಸೆಪ್ಟೆಂಬರ್‌ನಲ್ಲಿ ಹಾಕಿಂಗ್ ಮಾಸ್ಕೋಗೆ ಹೋದರು. ಜೆಲ್ದೊವಿಚ್ ಮತ್ತು ತರುಣ ಅಲೆಕ್ಸಿ ಸ್ಟಾರೊಬಿನ್‌ಸ್ಕಿ ಹಾಕಿಂಗ್ ಮುಂದೆ ಒಂದು ವಾದ ಇಟ್ಟರು: ತಿರುಗುತ್ತಿರುವ ಕಪ್ಪುಕುಳಿ ಕಣಗಳನ್ನು ಹೊರಸೂಸಲೇಬೇಕು. ವಾದದ ತಿರುಳು ಹಾಕಿಂಗ್‌ಗೆ ಒಪ್ಪಿಗೆಯಾಯಿತು, ಲೆಕ್ಕ ಹಾಕಿದ ರೀತಿ ಒಪ್ಪಿಗೆಯಾಗಲಿಲ್ಲ. ಊರಿಗೆ ಮರಳಿ ತಾವೇ ಲೆಕ್ಕಕ್ಕೆ ಕುಳಿತರು. ಕಾಯಿಲೆಯಿಂದಾಗಿ ಕೈಯಲ್ಲಿ ಬರೆಯುವುದು ಅಸಾಧ್ಯವಾಗಿದ್ದ ಅವರು ಸಮೀಕರಣಗಳನ್ನು ಮನಸ್ಸಿನಲ್ಲೇ ತಿರುಗಿಸುತ್ತಿದ್ದರು. ಬಂದ ಉತ್ತರ ಅವರನ್ನೇ ಕಂಗೆಡಿಸಿತು: ತಿರುಗದ ಕಪ್ಪುಕುಳಿಯೂ ಸುಮ್ಮನಿರುವುದಿಲ್ಲ, ಕಾದ ಕಬ್ಬಿಣದಂತೆ ಸದಾ ವಿಕಿರಣ ಸೂಸುತ್ತಿರುತ್ತದೆ. ಕಪ್ಪುಕುಳಿಗೂ ಎಂಟ್ರೊಪಿ, ಅಂದರೆ ಬಿಸಿ ವಸ್ತುಗಳಿಗಿರುವಂಥ ಉಷ್ಣಗುಣ, ಇದೆ ಎಂದು ಜೇಕಬ್ ಬೆಕೆನ್‌ಸ್ಟೈನ್ ಅದಕ್ಕೂ ಮೊದಲೇ ಹೇಳಿದ್ದರು. ಹಾಕಿಂಗ್ ಅದನ್ನು ಬಲವಾಗಿ ವಿರೋಧಿಸಿದ್ದರು. ಈಗ ಅವರದೇ ಲೆಕ್ಕ ಬೆಕೆನ್‌ಸ್ಟೈನ್ ಪರವಾಗಿ ಸಾಕ್ಷಿ ಹೇಳಿತು.

1974ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡ್ ಹತ್ತಿರದ ರುದರ್‌ಫರ್ಡ್ ಪ್ರಯೋಗಾಲಯದ ಸಭೆಯಲ್ಲಿ ಹಾಕಿಂಗ್ ಇದನ್ನು ಮಂಡಿಸಿದರು. ಅಧ್ಯಕ್ಷತೆ ವಹಿಸಿದ್ದ ಲಂಡನ್ನಿನ ಕಿಂಗ್ಸ್ ಕಾಲೇಜಿನ ಜಾನ್ ಟೇಲರ್ ಇದೆಲ್ಲ ಅರ್ಥವಿಲ್ಲದ್ದು ಎಂದು ಅಲ್ಲೇ ತಳ್ಳಿಹಾಕಿದರು. ಮಾರ್ಚ್ 1ರ ನೇಚರ್ ಪತ್ರಿಕೆಯಲ್ಲಿ ಹಾಕಿಂಗ್ ಲೇಖನ ಪ್ರಕಟವಾಯಿತು. ಅದೇ ವರ್ಷ ಟೇಲರ್ ಮತ್ತು ಪಾಲ್ ಡೇವಿಸ್ ಅದೇ ಪತ್ರಿಕೆಯಲ್ಲಿ ತಕರಾರು ಎತ್ತಿ ಬರೆದರು. ಆದರೆ ಬೇರೆ ಬೇರೆಯವರು ಬೇರೆ ಬೇರೆ ದಾರಿ ಹಿಡಿದು ಲೆಕ್ಕ ಹಾಕಿದಾಗಲೂ ಅದೇ ಉತ್ತರ ಬಂದಿತು. ಕೆಲವೇ ವರ್ಷಗಳಲ್ಲಿ ವಿರೋಧ ಕರಗಿತು.

ಪರ್ವತದಷ್ಟು ತೂಕ, ಪ್ರೋಟಾನಿನಷ್ಟು ಗಾತ್ರ

ಈ ವಿಕಿರಣದಲ್ಲಿ ಒಂದು ವಿಚಿತ್ರವಿದೆ. ಕಪ್ಪುಕುಳಿ ಹಗುರವಾದಷ್ಟೂ ಹೆಚ್ಚು ಬಿಸಿ. ಸೂರ್ಯನಷ್ಟು ತೂಕದ ಕಪ್ಪುಕುಳಿಯ ತಾಪಮಾನ ಪರಮ ಶೂನ್ಯಕ್ಕಿಂತ ಒಂದು ಡಿಗ್ರಿಯ ಕೋಟಿಯಲ್ಲಿ ಒಂದು ಪಾಲೂ ಮೇಲಿಲ್ಲ. ಅದು ಆವಿಯಾಗುವುದನ್ನು ಕಾಯಲು ವಿಶ್ವದ ಇಡೀ ಆಯಸ್ಸೂ ಸಾಲದು. ಅದೇ 100 ಕೋಟಿ ಟನ್ ತೂಗುವ ಕಪ್ಪುಕುಳಿಯ ಗಾತ್ರ ಪ್ರೋಟಾನಿನಷ್ಟು, ತಾಪಮಾನ ಹತ್ತು ಸಾವಿರ ಕೋಟಿ ಡಿಗ್ರಿಗೂ ಮಿಗಿಲು. ಶಕ್ತಿ ಹೊರಹೋದಂತೆ ಅದು ಹಗುರವಾಗುತ್ತದೆ, ಹಗುರವಾದಂತೆ ಇನ್ನೂ ಕಾಯುತ್ತದೆ, ಕಾದಂತೆ ಇನ್ನೂ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಈ ಓಟಕ್ಕೆ ತಡೆಯೇ ಇಲ್ಲ. ಕೊನೆ ಒಂದು ಸ್ಫೋಟ.

ಮಹಾಸ್ಫೋಟದಲ್ಲಿ ಸುಮಾರು 50 ಕೋಟಿ ಟನ್ ತೂಕದೊಂದಿಗೆ ಹುಟ್ಟಿದ ಕಪ್ಪುಕುಳಿಗಳು 1,380 ಕೋಟಿ ವರ್ಷ ಆವಿಯಾಗುತ್ತ ಬಂದು ಸರಿಯಾಗಿ ನಮ್ಮ ಕಾಲದಲ್ಲಿ ಸಿಡಿಯಬೇಕು. ಕೊನೆಯ ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ಹೊಮ್ಮುವ ಶಕ್ತಿ ಸುಮಾರು ಹತ್ತು ಲಕ್ಷ ಹೈಡ್ರೋಜನ್ ಬಾಂಬುಗಳಿಗೆ ಸಮ ಎಂದು ಹಾಕಿಂಗ್ ಬರೆದರು. ಭೂಮಿಯ ಮಟ್ಟಿಗೆ ಇದು ಪ್ರಳಯ. ಆಕಾಶದ ಮಟ್ಟಿಗೆ ಮಾತ್ರ ತೀರಾ ಸಣ್ಣದು: ಸೂರ್ಯ ಒಂದೇ ಸೆಕೆಂಡಿನಲ್ಲಿ ಹೊರಹಾಕುವ ಶಕ್ತಿಯ ಸಾವಿರದಲ್ಲಿ ಒಂದು ಪಾಲೂ ಅಲ್ಲ. ಹುಡುಕುವವರ ಎಲ್ಲ ಕಷ್ಟದ ಬೇರು ಇಲ್ಲಿದೆ. ಅಷ್ಟು ಪುಟ್ಟ ಸಿಡಿತ ಕಾಣಬೇಕಾದರೆ ಅದು ನಮ್ಮ ಮನೆಯಂಗಳದಲ್ಲೇ, ಅತಿ ಹತ್ತಿರದ ನಕ್ಷತ್ರಕ್ಕಿಂತಲೂ ಈಚೆಗೆ ಸಿಡಿಯಬೇಕು.

ಸಿಕ್ಕರೆ ಮಾತ್ರ ಅದರ ಬೆಲೆಗೆ ಸಾಟಿಯಿಲ್ಲ. ಗುರುತ್ವ, ಕ್ವಾಂಟಮ್ ನಿಯಮ ಮತ್ತು ಉಷ್ಣ ವಿಜ್ಞಾನ ಈ ಮೂರೂ ಸೇರುವ ಒಂದೇ ಸೂತ್ರಕ್ಕೆ ಆಕಾಶದಿಂದಲೇ ಪುರಾವೆ ಸಿಗುತ್ತದೆ. ವಿಶ್ವದ ಮೊದಲ ಸೆಕೆಂಡಿನ ಕೋಟಿ ಕೋಟಿ ಪಾಲಿಗಿಂತ ಚಿಕ್ಕ ಗಳಿಗೆಯಲ್ಲಿ ವಸ್ತು ಹೇಗೆ ಹರಡಿತ್ತು ಎಂಬುದು ಗೊತ್ತಾಗುತ್ತದೆ. ಅಷ್ಟೇ ಅಲ್ಲ, ಸಾಯುವ ಕಪ್ಪುಕುಳಿ ಪ್ರಕೃತಿಯಲ್ಲಿರುವ ಎಲ್ಲ ಬಗೆಯ ಕಣಗಳನ್ನೂ, ನಾವಿನ್ನೂ ಕಂಡಿರದ ಕಣಗಳನ್ನೂ, ಹೊರಚೆಲ್ಲುತ್ತದೆ.

ಮೊದಲ ಉತ್ತರ: ಇರಬಹುದು, ಆದರೆ ಹೆಚ್ಚಿಲ್ಲ

ಒಂದೊಂದೇ ಸಿಡಿತ ಹುಡುಕುವುದಕ್ಕೆ ಮೊದಲು ಹಾಕಿಂಗ್ ಮತ್ತು ಡಾನ್ ಪೇಜ್ ಇನ್ನೊಂದು ದಾರಿ ಹಿಡಿದರು. ಇಂಥ ಕುಳಿಗಳು ವಿಶ್ವದ ತುಂಬ ಇದ್ದಿದ್ದರೆ, ಅವೆಲ್ಲ ಇಲ್ಲಿಯವರೆಗೆ ಸೂಸಿದ ಗಾಮಾ ಕಿರಣ ಸೇರಿ ಆಕಾಶವೆಲ್ಲ ಮಂದವಾಗಿ ಬೆಳಗಬೇಕು. 1972ರಲ್ಲಿ ಹಾರಿದ ಎಸ್‌ಎಎಸ್-2 ಉಪಗ್ರಹ ಆ ಹಿನ್ನೆಲೆ ಬೆಳಕನ್ನು ಅಳೆದಿತ್ತು. 1976ರಲ್ಲಿ ಇಬ್ಬರೂ ಅದರೊಂದಿಗೆ ತಾಳೆ ನೋಡಿ, ಒಂದು ಘನ ಜ್ಯೋತಿರ್ವರ್ಷ ಜಾಗಕ್ಕೆ ಸರಾಸರಿ 300ಕ್ಕಿಂತ ಹೆಚ್ಚು ಇಂಥ ಕುಳಿಗಳು ಇರಲಾರವು ಎಂದು ತೀರ್ಮಾನಿಸಿದರು. ಆದಿಮ ವಿಶ್ವ ಸಾಕಷ್ಟು ನಯವಾಗಿತ್ತು ಎಂಬುದಕ್ಕೆ ಇದೊಂದು ಸುಳಿವಾಯಿತು.

ಈ ಬಗೆಯ ಉತ್ತರ ಮುಂದೆ ಮತ್ತೆ ಮತ್ತೆ ಬರುವುದರಿಂದ ಅದರ ಅರ್ಥ ತಿಳಿದಿರುವುದು ಒಳ್ಳೆಯದು. ರಾತ್ರಿಯೆಲ್ಲ ಕೆರೆಗೆ ಬಲೆ ಬಿಟ್ಟು ಕಾದ ಬೆಸ್ತನಿಗೆ ಒಂದೂ ಮೀನು ಸಿಗಲಿಲ್ಲ ಎನ್ನಿ. ಕೆರೆಯಲ್ಲಿ ಮೀನೇ ಇಲ್ಲ ಎಂದು ಅವನು ಹೇಳಲಾರ. ಆದರೆ ಬಲೆಯ ಅಗಲ ಎಷ್ಟು, ಅದರ ಕಣ್ಣು ಎಷ್ಟು ಸಣ್ಣದು, ಎಷ್ಟು ಹೊತ್ತು ಕಾದೆ ಎಂದು ಬಲ್ಲ ಅವನು, ಇಂಥ ಗಾತ್ರದ ಮೀನು ಇಷ್ಟಕ್ಕಿಂತ ಹೆಚ್ಚಿಲ್ಲ ಎಂದು ಖಚಿತವಾಗಿ ಹೇಳಬಲ್ಲ. ವಿಜ್ಞಾನಿಗಳು ಮೇಲ್ಮಿತಿ ಎನ್ನುವುದು ಇದಕ್ಕೆ. ಬಲೆ ದೊಡ್ಡದಾದಂತೆ ಮಿತಿ ಕೆಳಗಿಳಿಯುತ್ತದೆ.

ಬಲೆ ಹೇಗಿರಬೇಕು ಎಂಬುದರಲ್ಲೇ ಆಗ ಒಮ್ಮತವಿರಲಿಲ್ಲ. ಅದು ಕಣವಿಜ್ಞಾನದ ಜಗಳ. ಸರ್ನ್ ಪ್ರಯೋಗಾಲಯದ ರಾಲ್ಫ್ ಹಾಗೆಡಾರ್ನ್ ಅವರ ಸಿದ್ಧಾಂತದಂತೆ ತಾಪಮಾನ ಏರಿದಷ್ಟೂ ಹೊಸ ಹೊಸ ಬಗೆಯ ಕಣಗಳು ಲೆಕ್ಕವಿಲ್ಲದಂತೆ ಹೆಚ್ಚುತ್ತವೆ. ಹಾಗಿದ್ದರೆ ಕಪ್ಪುಕುಳಿಯ ಅಂತ್ಯ ಕಣ್ಣು ಮಿಟುಕಿಸುವುದಕ್ಕಿಂತ ಬಹಳ ಬೇಗ ಮುಗಿಯುವ ಘೋರ ಸ್ಫೋಟ. ಕ್ವಾರ್ಕುಗಳೇ ಮೂಲಕಣಗಳು ಎಂಬ ಇನ್ನೊಂದು ಸಿದ್ಧಾಂತದಂತೆ ಅಂತ್ಯ ಅಷ್ಟು ರಭಸದ್ದಲ್ಲ; ಆದರೆ ಹೊಮ್ಮುವ ಒಂದೊಂದು ಗಾಮಾ ಕಿರಣಕ್ಕೂ ಶಕ್ತಿ ಬಹಳ ಹೆಚ್ಚು. 1970ರ ದಶಕ ಮುಗಿಯುವ ಹೊತ್ತಿಗೆ ಕಣವೇಗವರ್ಧಕಗಳ ಪ್ರಯೋಗಗಳು ಕ್ವಾರ್ಕುಗಳ ಪರ ತೀರ್ಪು ಕೊಟ್ಟವು. 1990ರ ಸುಮಾರಿಗೆ ಜೇನ್ ಮ್ಯಾಕ್‌ಗಿಬ್ಬನ್ ಮತ್ತು ಬ್ರಯಾನ್ ವೆಬರ್ ಹೊಸ ಕಣವಿಜ್ಞಾನದ ಮೇಲೆ ಇಡೀ ಲೆಕ್ಕವನ್ನು ಮತ್ತೆ ಕಟ್ಟಿದರು. ಇಂದಿನ ಎಲ್ಲ ಹುಡುಕಾಟಕ್ಕೂ ಅದೇ ತಳಹದಿ.

ರೇಡಿಯೊ ದಾರಿ ಮತ್ತು ವೈಫೈ ಮಾತು

1977ರಲ್ಲಿ ಕೇಂಬ್ರಿಜ್‌ನ ಮಾರ್ಟಿನ್ ರೀಸ್ ಇನ್ನೊಂದು ದಾರಿ ತೋರಿಸಿದರು. ಸಿಡಿದ ಕಪ್ಪುಕುಳಿಯಿಂದ ಎಲೆಕ್ಟ್ರಾನ್, ಪಾಸಿಟ್ರಾನ್‌ಗಳ ಚಿಪ್ಪೊಂದು ಬೆಳಕಿನ ವೇಗದಲ್ಲಿ ಹಿಗ್ಗುತ್ತ, ನಕ್ಷತ್ರಗಳ ನಡುವಿನ ಕಾಂತಕ್ಷೇತ್ರವನ್ನು ತಳ್ಳಿದರೆ ಒಂದು ಕಿರು ರೇಡಿಯೊ ಮಿಡಿತ ಹುಟ್ಟಬೇಕು. ಗಾಮಾ ಕಿರಣಕ್ಕಿಂತ ಎಷ್ಟೋ ಪಾಲು ದೂರದಿಂದ ಅದನ್ನು ಕೇಳಬಹುದು. ಕೂಡಲೇ ಹಲವು ತಂಡಗಳು ಈ ಜಾಡು ಹಿಡಿದವು. 1978ರಲ್ಲಿ ಜಾನ್ ಓಸಲಿವನ್, ರಾನ್ ಎಕರ್ಸ್ ಮತ್ತು ಪೀಟರ್ ಶೇವರ್ ಮೈಕ್ರೊಸೆಕೆಂಡಿನಷ್ಟು ಕಿರಿದಾದ ಮಿಡಿತಗಳನ್ನು ಹುಡುಕಿ ಏನೂ ಸಿಗಲಿಲ್ಲವೆಂದು ವರದಿ ಮಾಡಿದರು. 1979ರಲ್ಲಿ ಸ್ಟರ್ಲ್ ಫಿನ್ನಿ ಮತ್ತು ಜೋಸೆಫ್ ಟೇಲರ್ ಅರೆಸಿಬೊ ದೂರದರ್ಶಕದ ದಾಖಲೆಗಳನ್ನು ಜಾಲಾಡಿದರು. ಅಲ್ಲೂ ಇಲ್ಲ.

ಓಸಲಿವನ್ ಮುಂದೆ ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಗೋಡೆ, ಮೇಜು, ಕಪಾಟುಗಳಿಗೆ ಬಡಿದು ಪ್ರತಿಧ್ವನಿಸುವ ರೇಡಿಯೊ ಅಲೆಗಳ ಗೊಂದಲದ ನಡುವೆ ಮಾಹಿತಿಯನ್ನು ವೇಗವಾಗಿ ದಾಟಿಸುವ ವಿಧಾನವನ್ನು ಅವರ ತಂಡ ರೂಪಿಸಿತು. 1996ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. 2009 ಮತ್ತು 2012ರಲ್ಲಿ ದೊಡ್ಡ ಕಂಪನಿಗಳೊಂದಿಗಿನ ವ್ಯಾಜ್ಯಗಳು ರಾಜಿಯಲ್ಲಿ ಮುಗಿದು ಸಂಸ್ಥೆಗೆ 40 ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ಹಣ ಬಂತು. ಕಪ್ಪುಕುಳಿ ಹುಡುಕಲು ಹೋಗಿ ವೈಫೈ ಕಂಡುಹಿಡಿದರು ಎಂಬ ಮಾತು ಹುಟ್ಟಿದ್ದು ಹೀಗೆ. ಮಾತು ತುಸು ಉಬ್ಬಿದೆ. ವೈಫೈಗೆ ನೆದರ್‌ಲೆಂಡ್ಸ್, ಅಮೆರಿಕ ಮುಂತಾದ ಕಡೆಯ ಅನೇಕ ಎಂಜಿನಿಯರುಗಳು ದುಡಿದಿದ್ದಾರೆ. ಸಿಎಸ್‌ಐಆರ್‌ಒ ಪಾಲು ಎಷ್ಟು ಎಂಬ ವಾದ ಇನ್ನೂ ನಿಂತಿಲ್ಲ. ಅದರಲ್ಲಿ ಅಲ್ಲಗಳೆಯಲಾಗದ ಸಂಗತಿಯೂ ಒಂದಿದೆ: ಚದುರಿದ ಅಲೆಗಳಿಂದ ಮೂಲ ಸಂಕೇತವನ್ನು ಹೆಕ್ಕಿ ತೆಗೆಯುವ ಗಣಿತದಲ್ಲಿ ಓಸಲಿವನ್ ಪಳಗಿದ್ದು ರೇಡಿಯೊ ಖಗೋಳದ ಕೆಲಸದಲ್ಲಿ, ಆ ಕೆಲಸದಲ್ಲಿ ಸಿಡಿಯುವ ಕಪ್ಪುಕುಳಿಗಳ ಹುಡುಕಾಟವೂ ಸೇರಿತ್ತು.

ಗಾಳಿಯನ್ನೇ ಬಲೆಯಾಗಿಸಿದವರು

ಶಕ್ತಿಶಾಲಿ ಗಾಮಾ ಕಿರಣ ನೆಲ ಮುಟ್ಟುವುದಿಲ್ಲ. ವಾತಾವರಣದ ಮೇಲ್ಪದರಕ್ಕೆ ಬಡಿದು ಕಣಗಳ ಮಳೆಯಾಗಿ ಒಡೆಯುತ್ತದೆ, ಆ ಕಣಗಳು ಸೆಕೆಂಡಿನ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಿಮೆ ಹೊತ್ತು ನೀಲಿ ಬೆಳಕು ಚೆಲ್ಲುತ್ತವೆ. ಇದು ಚೆರೆಂಕೋವ್ ಬೆಳಕು. ಚಂದ್ರನಿಲ್ಲದ ತಿಳಿಯಾದ ರಾತ್ರಿಯಲ್ಲಿ ದೊಡ್ಡ ಕನ್ನಡಿ ಹಿಡಿದರೆ ಇದನ್ನು ಕಾಣಬಹುದು. ಡಬ್ಲಿನ್ನಿನ ನೀಲ್ ಪೋರ್ಟರ್ ಮತ್ತು ಅಮೆರಿಕದ ಅರಿಜೋನಾದಲ್ಲಿದ್ದ ಟ್ರೆವರ್ ವೀಕ್ಸ್ 1970ರ ದಶಕದ ಕೊನೆಯ ಹೊತ್ತಿಗೆ ಇದೇ ವಿಧಾನದಿಂದ ಕಪ್ಪುಕುಳಿಯ ಸಿಡಿತ ಹುಡುಕಿ ಮೇಲ್ಮಿತಿಗಳನ್ನು ಪ್ರಕಟಿಸಿದರು.

ಭಾರತದಲ್ಲೂ ಈ ವಿದ್ಯೆ ಬೇರುಬಿಟ್ಟಿತ್ತು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1969ರಿಂದಲೇ ಊಟಿಯಲ್ಲಿ ಸರ್ಚ್‌ಲೈಟ್ ಕನ್ನಡಿಗಳನ್ನು ಆಕಾಶಕ್ಕೆ ತಿರುಗಿಸಿ ಚೆರೆಂಕೋವ್ ಬೆಳಕು ಹಿಡಿಯುತ್ತಿತ್ತು. ಆ ಸಂಸ್ಥೆಯ ವಿಶ್ವಕಿರಣ ಸಂಶೋಧನೆಯ ಮುಂದಾಳು, 1975ರಿಂದ 1987ರವರೆಗೆ ಅದರ ನಿರ್ದೇಶಕರು ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್. ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಿಶ್ವಕಿರಣದ ಪ್ರಯೋಗಗಳಿಗೆ ಇಳಿದಿದ್ದವರಲ್ಲಿ ಅವರೂ ಒಬ್ಬರು. ಊಟಿಯಲ್ಲಿ ಬೆಳೆದ ಕೌಶಲ ಮುಂದೆ ಪಚಮಢಿಗೂ ಅಲ್ಲಿಂದ ಲಡಾಖ್‌ನ ಹಾನ್ಲೆಗೂ ಸಾಗಿತು. ಹಾನ್ಲೆಯಲ್ಲಿ ಅದಕ್ಕೆ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯೂ ಕೈಜೋಡಿಸಿದೆ.

ಒಂದು ಹುಮ್ಮಸ್ಸು, ಒಂದು ತಿರುವು

1991ರ ಏಪ್ರಿಲ್‌ನಲ್ಲಿ ನಾಸಾದ ಕಾಂಪ್ಟನ್ ವೀಕ್ಷಣಾಲಯ ಹಾರಿತು. ಅದರಲ್ಲಿದ್ದ ಬ್ಯಾಟ್ಸೆ ಉಪಕರಣ ಒಂಬತ್ತು ವರ್ಷಗಳಲ್ಲಿ 2,704 ಗಾಮಾ ಸ್ಫೋಟಗಳನ್ನು ದಾಖಲಿಸಿತು. ಅವು ಆಕಾಶದ ಯಾವ ಒಂದು ಭಾಗಕ್ಕೂ ಅಂಟಿಕೊಳ್ಳದೆ ಎಲ್ಲ ದಿಕ್ಕಿನಿಂದಲೂ ಸಮನಾಗಿ ಬರುತ್ತಿದ್ದವು. ಹಾಗಾದರೆ ಅವು ಬಹಳ ದೂರದವೇ, ಅಥವಾ ಬಹಳ ಹತ್ತಿರದವೇ? 1992ರಲ್ಲಿ ಲಾಸ್ ಏಂಜಲಿಸ್‌ನ ಡೇವಿಡ್ ಕ್ಲೈನ್ ಮತ್ತು ಡಬ್ಲ್ಯು. ಹಾಂಗ್ ಹೇಳಿದ್ದು ಇದು: ಸೆಕೆಂಡಿನ ಹತ್ತನೇ ಒಂದು ಪಾಲಿಗಿಂತಲೂ ಕಿರಿದಾದ ಕೆಲವು ಸ್ಫೋಟಗಳು ಉಳಿದವುಗಳಂತಿಲ್ಲ, ಅವು ಸೌರಮಂಡಲದ ನೆರೆಹೊರೆಯಲ್ಲಿ ಸಾಯುತ್ತಿರುವ ಆದಿಮ ಕಪ್ಪುಕುಳಿಗಳಾಗಿರಬಹುದು. ಕ್ಲೈನ್ ಈ ವಾದವನ್ನು ಹಲವು ವರ್ಷ ಬೆಳೆಸಿದರು.

ಆದರೆ ಗಾಳಿ ಬೇರೆ ದಿಕ್ಕಿಗೆ ಬೀಸಿತು. 1997ರ ಫೆಬ್ರವರಿ 28ರಂದು ಇಟಲಿ ಮತ್ತು ನೆದರ್‌ಲೆಂಡ್ಸ್‌ನ ಬೆಪ್ಪೊಸ್ಯಾಕ್ಸ್ ಉಪಗ್ರಹ ಒಂದು ದೀರ್ಘ ಸ್ಫೋಟದ ನಂತರದ ಮಂದ ಹೊಳಪನ್ನು ಹಿಡಿಯಿತು. ಅದೇ ವರ್ಷದ ಮೇ ತಿಂಗಳ ಇನ್ನೊಂದು ಸ್ಫೋಟ ನೂರಾರು ಕೋಟಿ ಜ್ಯೋತಿರ್ವರ್ಷ ದೂರದ್ದೆಂದು ಅಳತೆಗೆ ಸಿಕ್ಕಿತು. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದ ಗುರುತ್ವ ಅಲೆ ಬಂದ 1.7 ಸೆಕೆಂಡಿಗೆ ಕಿರು ಗಾಮಾ ಸ್ಫೋಟವೂ ಬಂತು. ದೀರ್ಘ ಸ್ಫೋಟಗಳು ದೈತ್ಯ ನಕ್ಷತ್ರಗಳ ಸಾವಿನವು, ಕಿರು ಸ್ಫೋಟಗಳು ಬಹುಪಾಲು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯವು ಎಂಬುದು ನೆಲೆಗೊಂಡಿತು. ವೇಲಾ ಕಂಡ ಮಿಂಚುಗಳು ಕಪ್ಪುಕುಳಿಗಳ ಆವಿಯಾಗುವಿಕೆಯಲ್ಲ.

ಎಲ್ಲವೂ ಅಲ್ಲ, ಸರಿ, ಕೆಲವಾದರೂ? ಈ ಪ್ರಶ್ನೆಯನ್ನು ಲಾಸ್ ಅಲಾಮೋಸ್‌ನ ತಿಲನ್ ಉಕ್ವಟ್ಟ ಮತ್ತು ಸಂಗಡಿಗರು 2016ರಲ್ಲಿ ಜಾಣತನದಿಂದ ಕೆದಕಿದರು. ಬಹುದೂರದ ಸ್ಫೋಟದ ಬೆಳಕು ನಮ್ಮನ್ನು ಮುಟ್ಟುವಾಗ ಅದರ ಮುಂಚೂಣಿ ಚಪ್ಪಟೆ ಹಾಳೆಯಂತಿರುತ್ತದೆ. ಹತ್ತಿರದ್ದಾದರೆ ಗೋಲದಂತೆ ಬಾಗಿರುತ್ತದೆ. ಗ್ರಹಗಳ ನಡುವೆ ಹರಡಿರುವ ನೌಕೆಗಳು ಒಂದೇ ಮಿಂಚನ್ನು ಯಾವ ಯಾವ ಹೊತ್ತಿಗೆ ಕಂಡವು ಎಂದು ಅಳೆದರೆ ಆ ಬಾಗು ಗೊತ್ತಾಗಬೇಕು. ವೇಲಾ ಕಾಲದಲ್ಲಿ ದಿಕ್ಕು ಹೇಳಿದ ಉಪಾಯವೇ ಈಗ ದೂರ ಹೇಳಲು ಬಂತು. 36 ಕಿರು ಸ್ಫೋಟಗಳನ್ನು ಹೀಗೆ ಪರೀಕ್ಷಿಸಿದಾಗ, ಅವು ನೆರೆಹೊರೆಯವಾಗಿರುವ ಸಾಧ್ಯತೆಯನ್ನು ಅಳತೆ ತಳ್ಳಿಹಾಕಲಿಲ್ಲ. ಯಾವುದೊಂದೂ ಹತ್ತಿರದ್ದೇ ಎಂದು ಸಾಧಿಸಲೂ ಇಲ್ಲ.

ಇಳಿಯುತ್ತ ಬಂದ ಸಂಖ್ಯೆ

ಈ ನಡುವೆ ನೆಲದ ಮೇಲಿನ ಬಲೆಗಳು ದೊಡ್ಡದಾಗುತ್ತ ಹೋದವು. ಮಿತಿಯನ್ನು ಹೇಳುವ ರೂಢಿ ಹೀಗೆ: ಒಂದು ಘನ ಪಾರ್ಸೆಕ್ ಜಾಗದಲ್ಲಿ, ಅಂದರೆ ಸುಮಾರು 35 ಘನ ಜ್ಯೋತಿರ್ವರ್ಷದಲ್ಲಿ, ವರ್ಷಕ್ಕೆ ಹೆಚ್ಚೆಂದರೆ ಎಷ್ಟು ಸಿಡಿತ. 1993ರಲ್ಲಿ ಲಾಸ್ ಅಲಾಮೋಸ್‌ನ ಸಿಗ್ನಸ್ ಪ್ರಯೋಗ ಕೊಟ್ಟ ಮಿತಿ 8.5 ಲಕ್ಷ. ಅಲ್ಲೇ ಬೆಟ್ಟದ ಮೇಲೆ, ಭೂಶಾಖದ ಹಳೆಯ ಯೋಜನೆಯೊಂದಕ್ಕೆ ತೋಡಿದ್ದ ಕೊಳವನ್ನು ನೀರಿನಿಂದ ತುಂಬಿ, ಬೆಳಕು ನುಸುಳದಂತೆ ಕರಿಯ ಹೊದಿಕೆ ಹಾಸಿ, ಒಳಗೆ 700ಕ್ಕೂ ಹೆಚ್ಚು ಬೆಳಕು ಗ್ರಾಹಕಗಳನ್ನು ಮುಳುಗಿಸಿ ಮಿಲಾಗ್ರೊ ಪ್ರಯೋಗ ಕಟ್ಟಿದರು. ಕಣಗಳ ಮಳೆ ಆ ಕತ್ತಲ ನೀರಿಗೆ ಬಿದ್ದಾಗಲೆಲ್ಲ ನೀಲಿ ಮಿಣುಕು. ಕನ್ನಡಿಗೆ ಇರುಳು ಬೇಕು, ಈ ಕೊಳಕ್ಕೆ ಹಗಲೂ ಆಗುತ್ತಿತ್ತು. 2015ರಲ್ಲಿ ಪ್ರಕಟವಾದ ಅದರ ಮಿತಿ 36,000.

ಆಮೇಲೆ ಇಳಿತ ಬಿರುಸಾಯಿತು. 2017ರಲ್ಲಿ ಅರಿಜೋನಾದ ವೆರಿಟಾಸ್ 22,000ದ ಹತ್ತಿರಕ್ಕೆ ತಂದಿತು. 2018ರಲ್ಲಿ ಫರ್ಮಿ ಉಪಗ್ರಹ 7,200. ಇಷ್ಟು ಹತ್ತಿರದ ಕಪ್ಪುಕುಳಿ ಸಾಯುವ ಮೊದಲು ಆಕಾಶದಲ್ಲಿ ಜಾಗ ಬದಲಿಸುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೊದಲ ಹುಡುಕಾಟ ಅದು. 2020ರಲ್ಲಿ ಮೆಕ್ಸಿಕೊದ ಜ್ವಾಲಾಮುಖಿಯ ಮೇಲೆ, 4,100 ಮೀಟರ್ ಎತ್ತರದಲ್ಲಿ 300 ನೀರಿನ ತೊಟ್ಟಿಗಳನ್ನಿಟ್ಟ ಹಾಕ್ ಪ್ರಯೋಗ 959 ದಿನಗಳ ದಾಖಲೆಯಿಂದ 3,400 ಎಂದಿತು. 2023ರಲ್ಲಿ ನಮೀಬಿಯಾದ ಹೆಸ್ ದೂರದರ್ಶಕಗಳು 2,000 ಎಂದವು. 2025ರಲ್ಲಿ ಚೀನಾದ ಸಿಚುವಾನ್ ಪ್ರಾಂತ್ಯದ 4,410 ಮೀಟರ್ ಎತ್ತರದ ಲಾಸೊ ಪ್ರಯೋಗ ಸುಮಾರು 180ಕ್ಕೆ ಇಳಿಸಿತು. ಮೂರು ದಶಕಗಳಲ್ಲಿ ಮಿತಿ ನಾಲ್ಕು ಸಾವಿರ ಪಟ್ಟಿಗೂ ಹೆಚ್ಚು ಬಿಗಿಯಾಗಿದೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ಹಿನ್ನೆಲೆ ಬೆಳಕಿನಿಂದ ಬಂದ ಪರೋಕ್ಷ ಮಿತಿ ಇದಕ್ಕಿಂತ ಎಷ್ಟೋ ಬಿಗಿ. 1996ರಲ್ಲಿ ಎಡ್ವರ್ಡ್ ರೈಟ್ ನಮ್ಮ ಗೆಲಾಕ್ಸಿಯ ಸುತ್ತಲಿನ ಗಾಮಾ ಬೆಳಕನ್ನು ನೋಡಿ, ಘನ ಪಾರ್ಸೆಕ್‌ಗೆ ವರ್ಷಕ್ಕೆ ಅರ್ಧ ಸಿಡಿತಕ್ಕಿಂತಲೂ ಕಡಿಮೆ ಎಂದಿದ್ದರು. ಹಾಗಿದ್ದರೆ ನೇರ ಹುಡುಕಾಟ ಯಾಕೆ? ಪರೋಕ್ಷ ಲೆಕ್ಕದ ಅಡಿಯಲ್ಲಿ ಊಹೆಗಳಿವೆ ಎಂಬುದು ಹುಡುಕುವವರ ಉತ್ತರ: ಕಪ್ಪುಕುಳಿಗಳು ಎಲ್ಲಿ ಎಷ್ಟು ಗುಂಪುಗೂಡಿವೆ, ಹುಟ್ಟುವಾಗ ಅವುಗಳ ತೂಕ ಹೇಗೆ ಹಂಚಿಕೊಂಡಿತ್ತು, ಎಲ್ಲವೂ ಹಾಕಿಂಗ್ ಹೇಳಿದ ರೀತಿಯಲ್ಲೇ ಆವಿಯಾಗುತ್ತವೆಯೇ. ನೇರ ಹುಡುಕಾಟಕ್ಕೆ ಬೇಕಾಗಿರುವುದು ಒಂದೇ ಒಂದು ಸಿಡಿತ.

ಸಿದ್ಧಾಂತಿಗಳೂ ಸುಮ್ಮನೆ ಕುಳಿತಿಲ್ಲ. 2023ರ ಫೆಬ್ರವರಿ 13ರಂದು ಮೆಡಿಟರೇನಿಯನ್ ಸಮುದ್ರದಾಳದ ಕೆಎಂ3ನೆಟ್ ಉಪಕರಣ ಹಿಂದೆಂದೂ ಕಾಣದಷ್ಟು ಶಕ್ತಿಯ ನ್ಯೂಟ್ರಿನೊ ಒಂದನ್ನು ದಾಖಲಿಸಿತು. ಆ ಸುದ್ದಿ 2025ರಲ್ಲಿ ಪ್ರಕಟವಾದ ಮೇಲೆ, ಅದು ನಮ್ಮ ಹತ್ತಿರವೇ ಸಿಡಿದ ಆದಿಮ ಕಪ್ಪುಕುಳಿಯದಿರಬಹುದೇ ಎಂಬ ಚರ್ಚೆ ಎದ್ದಿತು. ಅದೇ ವರ್ಷ ಮ್ಯಾಸಚೂಸೆಟ್ಸ್‌ನ ಸಂಶೋಧಕರು, ಕಪ್ಪುಕುಳಿಗಳಿಗೆ ಒಂದು ಬಗೆಯ ಅಗೋಚರ ಆವೇಶವಿದ್ದರೆ ಅವು ಹೆಚ್ಚು ಕಾಲ ಬಾಳಿ ಈಗ ಸಿಡಿಯಬಹುದು, ಹತ್ತು ವರ್ಷದೊಳಗೆ ಒಂದನ್ನು ಕಾಣುವ ಸಾಧ್ಯತೆ ಶೇಕಡಾ 90ಕ್ಕೂ ಹೆಚ್ಚಿರಬಹುದು ಎಂದು ವಾದಿಸಿದರು. ಇದು ಷರತ್ತಿನ ಮೇಲೆ ನಿಂತ ಮಾತು. ಪರೀಕ್ಷೆಗೆ ಒಡ್ಡಬಹುದಾದ ಮಾತು ಎಂಬುದೇ ಅದರ ಬೆಲೆ.

ಇಲ್ಲ ಎಂಬ ಉತ್ತರದ ಬೆಲೆ

2018ರ ಮಾರ್ಚ್ 14ರಂದು ಹಾಕಿಂಗ್ ತೀರಿಕೊಂಡರು. ಅವರ ವಿಕಿರಣವನ್ನು ಆಕಾಶದಲ್ಲಿ ಯಾರೂ ನೋಡಿಲ್ಲ, ನೊಬೆಲ್ ಅವರಿಗೆ ಬರಲಿಲ್ಲ. ಆದರೂ ಅವರ ಒಂದು ಲೆಕ್ಕದ ಬೆನ್ನು ಹತ್ತಿದವರಿಂದ ಜಗತ್ತಿಗೆ ದಕ್ಕಿದ್ದು ಕಡಿಮೆಯೇನಲ್ಲ. ವಿಶ್ವದ ಮೊದಲ ಕ್ಷಣಗಳ ಒರಟುತನಕ್ಕೆ ಒಂದು ಗಡಿ ಸಿಕ್ಕಿತು. ಬೇರೆ ಯಾವ ಉಪಾಯವೂ ಮುಟ್ಟಲಾರದಷ್ಟು ಹಿಂದಿನ ಕ್ಷಣಗಳವು. ಅಗೋಚರ ದ್ರವ್ಯ ಆದಿಮ ಕಪ್ಪುಕುಳಿಗಳಿಂದಲೇ ಆಗಿದೆ ಎನ್ನುವವರು ಯಾವ ತೂಕವನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬಹುದು ಎಂಬುದು ತಿಳಿಯಾಯಿತು. ಸೆಕೆಂಡಿನ ಕಿರುಪಾಲನ್ನು ಹಿಡಿಯುವ ಉಪಕರಣಗಳು, ದಾಖಲೆ ಜರಡಿ ಹಿಡಿಯುವ ವಿಧಾನಗಳು ಬೆಳೆದವು.

ಇದೆಲ್ಲ ಸಾಧ್ಯವಾದದ್ದು ಪ್ರತಿಯೊಂದು ತಂಡವೂ ಸಿಗಲಿಲ್ಲ ಎಂಬುದನ್ನು ಮುಚ್ಚಿಡದೆ, ಎಷ್ಟು ಹುಡುಕಿದೆವು, ಎಷ್ಟರ ಮಟ್ಟಿಗೆ ಇಲ್ಲ ಎಂದು ಲೆಕ್ಕ ಸಮೇತ ಬರೆದಿಟ್ಟದ್ದರಿಂದ. ಸಿಗ್ನಸ್ ತನ್ನ 8.5 ಲಕ್ಷವನ್ನು ಪ್ರಕಟಿಸಿದ್ದರಿಂದ ಮಿಲಾಗ್ರೊಗೆ ತನ್ನ ಕೊಳ ಎಷ್ಟು ಮುಂದೆ ಹೋಗಬೇಕು ಎಂಬುದು ಗೊತ್ತಿತ್ತು. ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಫಲಿತಾಂಶ ಬಂದರೆ ಮಾತ್ರ ಸಂಶೋಧನೆ, ಬರದಿದ್ದರೆ ಸೋಲು ಎಂಬ ಭಾವನೆ ಇನ್ನೂ ಬಲವಾಗಿದೆ. ಆ ಭಯಕ್ಕೆ ಎಷ್ಟೋ ವಿದ್ಯಾರ್ಥಿಗಳು ದೊಡ್ಡ ಪ್ರಶ್ನೆಯನ್ನು ಬಿಟ್ಟು, ಉತ್ತರ ಮೊದಲೇ ಗೊತ್ತಿರುವ ಸಣ್ಣ ಪ್ರಶ್ನೆಗೆ ಜೋತುಬೀಳುತ್ತಾರೆ. ಅವರಿಗೆ ಈ ಐವತ್ತು ವರ್ಷದ ಇತಿಹಾಸವನ್ನು ಪಾಠವಾಗಿ ಹೇಳಬೇಕು. ಪ್ರಶ್ನೆ ದೊಡ್ಡದಿದ್ದು, ಹುಡುಕಿದ ರೀತಿ ಪ್ರಾಮಾಣಿಕವಾಗಿದ್ದರೆ, ಇಲ್ಲ ಎಂಬುದೂ ಜ್ಞಾನವೇ. ನಾಳೆ ಯಾವುದೋ ಬೆಟ್ಟದ ಮೇಲಿನ ತೊಟ್ಟಿಯಲ್ಲಿ ಆ ಸಿಡಿತ ದಾಖಲಾದರೆ, ಅದನ್ನು ಗುರುತಿಸಲು ನೆರವಾಗುವುದು ಈವರೆಗೆ ಏನೂ ಸಿಗದವರು ಬರೆದಿಟ್ಟ ಲೆಕ್ಕಗಳೇ.